ಹಗೆಯ ಬೋಗುಣಿ

ದಿನಕ್ಕೆ ಎರಡೇ ಸಲ ಉಣ್ಣುವವರನ್ನು ಕಂಡರೆ ಚಿಕ್ಕವಳಿದ್ದಾಗ ನನಗೆ ಅಯ್ಯೋ ಪಾಪ ಅನ್ನಿಸುತ್ತಿತ್ತು. ನಾನು ನಾಲ್ಕು ಸಲ ಉಣ್ಣುತ್ತಿದ್ದೆ. ಸಪ್ತಾಪುರದ ನಮ್ಮ ಮನೆ ಹೊರಗಿನಿಂದ ನೋಡಿದರೆ ಒಂದೇ ಮನೆ. ಒಂದೇ ಕಟ್ಟೆ, ಒಂದೇ ಪಡಸಾಲೆ, ಹಿತ್ತಲಲ್ಲಿ ಒಂದೇ ಪೇರಲ ಗಿಡ. ಒಳಗೆ ಹೋದರೆ ನಡುವೆ ಗೋಡೆ, ಗೋಡೆಯ ಈಚೆಗೊಂದು ಒಲೆ, ಆಚೆಗೊಂದು ಒಲೆ. ಈಚೆಯ ಒಲೆ ಆಯಿಯದು, ಅಂದರೆ ನನ್ನ ಅಪ್ಪನ ತಾಯಿಯದು. ಆಚೆಯದು ಸಣ್ಣಾಯಿಯದು, ಅಂದರೆ ನನ್ನ ಅಜ್ಜನ ತಮ್ಮನ ಹೆಂಡತಿಯದು. ಇಬ್ಬರೂ ಒಂದೇ ದಿನ ಒಂದೇ ಹಂದರದಲ್ಲಿ ಅಣ್ಣತಮ್ಮಂದಿರನ್ನು ಮದುವೆಯಾಗಿ ಬಂದ ನೆಗೆಣ್ಣಿಯರು. ಕೆಲವು ವರ್ಷ ಒಂದೇ ಒಲೆಯ ಮುಂದೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಅಡುಗೆ ಮಾಡಿದವರು. ಆಮೇಲೆ ಮನೆ ಪಾಲಾಗಿ ಗೋಡೆ ಎದ್ದಿತು. ನಾನು ಹುಟ್ಟುವ ಹೊತ್ತಿಗೆ ಅವರಿಬ್ಬರೂ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು, ಇಬ್ಬರ ಗಂಡಂದಿರೂ ತೀರಿಕೊಂಡಿದ್ದರು. ಸಣ್ಣಾಯಿಯ ಮಗಳು ಶಾಂತತ್ತೆ ಲಗ್ನವಾಗಿ ಹುಬ್ಬಳ್ಳಿ ಸೇರಿದ್ದಳು. ಇಡೀ ಮನೆಗೆ ಮಗು ಅಂತ ಇದ್ದದ್ದು ನಾನೊಬ್ಬಳೇ. ಒಂದು ಮಗುವಿನ ಹೊಟ್ಟೆಯ ಮೇಲೆ ಎರಡು ಅಡುಗೆಮನೆಗಳ ಮಾನ ನಿಂತಿದ್ದರೆ ಆ ಮಗುವಿನ ಸುಖ ಎಂಥದಿರಬಹುದು ಎಂದು ನೀವೇ ಲೆಕ್ಕ ಹಾಕಿ.

ಹಗೆ ಎಂಬ ಮಾತು ನನ್ನ ಕಿವಿಗೆ ಬಿದ್ದದ್ದು ಅವ್ವ, ಅಪ್ಪ ಎಂಬ ಮಾತುಗಳ ಜೊತೆಜೊತೆಗೇ. ಆಯಿ ಸಣ್ಣಾಯಿಯ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ‘ನನ್ನ ಹಗಿ’ ಎನ್ನುತ್ತಿದ್ದಳು. ಹಾಗನ್ನುವಾಗ ದನಿ ಏರುತ್ತಿರಲಿಲ್ಲ, ಹುಬ್ಬು ಗಂಟಾಗುತ್ತಿರಲಿಲ್ಲ. ಬೇರೆ ಮುದುಕಿಯರು ‘ನಮ್ಮ ತಂಗಿ’ ಎನ್ನುವಷ್ಟೇ ಸಲೀಸಾಗಿ ಅನ್ನುತ್ತಿದ್ದಳು. ವಿಶ್ವವಿದ್ಯಾಲಯದಲ್ಲಿ ಓದುವ ಹುಡುಗರು ಬಾಡಿಗೆ ಕೋಣೆ ಹುಡುಕಿಕೊಂಡು ನಮ್ಮ ಓಣಿಗೆ ಬರುತ್ತಿದ್ದರು. ಬಿಸಿಲಲ್ಲಿ ಅಲೆದು ಸುಸ್ತಾಗಿ ನಮ್ಮ ಕಟ್ಟೆಯ ಮೇಲೆ ಕೂತು ಆಚೆಯ ಬಾಗಿಲು ತೋರಿಸಿ ಕೇಳುತ್ತಿದ್ದರು.

‘ಅಲ್ಲಿ ಯಾರ ಇರ್ತಾರ್ರಿ?’

‘ನನ್ನ ಹಗಿ ಇರ್ತಾಳ. ನೀರ ಬೇಕಿದ್ರ ಆಕಿನ್ನ ಕೇಳ್ರಿ. ಆಕಿ ಗಡಿಗ್ಯಾಗಿನ ನೀರು ತಂಪ ಇರ್ತಾವ.’

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಚೆ ಹೋಗಿ ಹಗೆಯ ಮನೆಯ ನೀರು ಕುಡಿದು, ಬಾಯಿ ಒರೆಸಿಕೊಂಡು ಹೋಗುತ್ತಿದ್ದರು.

ನಮ್ಮ ಮನೆಯ ಬೆಳಗು ಶುರುವಾಗುತ್ತಿದ್ದುದು ಗೋಡೆಯಿಂದ. ಆಯಿ ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಿ ಹಲಗೆಯ ಮೇಲೆ ಮೊದಲ ರೊಟ್ಟಿ ಬಡಿಯತೊಡಗಿದರೆ, ಎರಡನೆಯ ರೊಟ್ಟಿಗೆ ಗೋಡೆಯಾಚೆಯಿಂದ ಟಪ್ ಟಪ್ ಎಂದು ಉತ್ತರ ಬರುತ್ತಿತ್ತು. ಕೆಲವು ದಿನ ಆಚೆಯಿಂದಲೇ ಮೊದಲು ಶುರುವಾಗಿಬಿಡುತ್ತಿತ್ತು. ಅಂದು ಇಡೀ ದಿನ ಆಯಿಯ ಮುಖ ಬಿಗಿದುಕೊಂಡಿರುತ್ತಿತ್ತು. ಗೋಡೆಗೆ ಕಿವಿ ಕೊಟ್ಟೇ ಆಯಿ ಆಚೆಮನೆಯ ಸಮಾಚಾರವನ್ನೆಲ್ಲ ತಿಳಿಯುತ್ತಿದ್ದಳು. ಬಹಳ ಹೊತ್ತು ಬಡಿದರೆ ಶಾಂತತ್ತೆ ಬಂದಿದ್ದಾಳೆ. ನಡುನಡುವೆ ಸದ್ದು ನಿಂತು ನಿಂತು ಬಂದರೆ ರೊಟ್ಟಿ ಹರಿಯುತ್ತಿದೆ, ಸಣ್ಣಾಯಿ ಬೆರಳು ಒದ್ದೆ ಮಾಡಿಕೊಂಡು ತೇಪೆ ಹಚ್ಚುತ್ತಿದ್ದಾಳೆ. ಆಗ ಆಯಿಗೆ ಎಲ್ಲಿಲ್ಲದ ಖುಷಿ.

‘ಹೇಳವಾ ಆಕಿಗೆ, ಹಿಟ್ಟ ಹಳೇದಾಗೇತಿ, ಜಿಗಿ ಹೋಗೇತಿ ಅಂತ. ನಿನ್ನೆ ಬೀಸಿಸಿದ್ದು ನಮ್ಮಲ್ಲೈತಿ, ಬೇಕಿದ್ರ ಒಯ್ಯಿ ಅನ್ನು.’

ಇಷ್ಟನ್ನು ಆಯಿ ಗೋಡೆಗೆ ಕೇಳುವ ಹಾಗೆಯೇ ಹೇಳಿರುತ್ತಿದ್ದಳು. ಆದರೂ ನಾನು ಪಡಸಾಲೆ ಸುತ್ತಿ ಆಚೆ ಹೋಗಿ ಅದನ್ನೇ ಇನ್ನೊಮ್ಮೆ ಒಪ್ಪಿಸಬೇಕು. ಅಲ್ಲಿಯವರೆಗೆ ಸಣ್ಣಾಯಿ ಏನೂ ಕೇಳಿಸದವಳ ಹಾಗೆ ಕೂತಿರುತ್ತಿದ್ದಳು. ನಾನು ಹೇಳಿ ಮುಗಿಸಿದ ಮೇಲೆ ಗಲ್ಲಕ್ಕೆ ಕೈ ಇಟ್ಟು ಆಶ್ಚರ್ಯಪಡುತ್ತಿದ್ದಳು.

‘ಹೌದ? ಹಂಗ ಅಂದ್ಳಾ? ಹೇಳಾಕಿಗೆ, ಆಕಿ ರೊಟ್ಟಿ ತೊಗಲಿನಂಗ ಇರ್ತಾವ, ಹಿಟ್ಟ ಹೊಸಾದಿದ್ರ ಏನ ಬಂತು ಅಂತ. ತಡಿ, ಬಾಯಾರಿರ್ಬೇಕು ನಿನಗ. ಕೆನಿ ಮಸರ ಐತಿ, ಒಂದ ರೊಟ್ಟಿ ತಿಂದ ಹೋಗು.’

ನಾನು ಎರಡು ತಿಂದು ಹೋಗುತ್ತಿದ್ದೆ. ಈಚೆ ಬಂದರೆ ಆಯಿ, ಅಲ್ಲಿಯ ರೊಟ್ಟಿ ತಿಂದು ಹುಡುಗಿಯ ಹೊಟ್ಟೆ ಕೆಟ್ಟೀತೆಂದು ಮತ್ತೆ ಎರಡು ತಿನ್ನಿಸುತ್ತಿದ್ದಳು. ನನ್ನ ಅವ್ವ ಕನ್ನಡ ಶಾಲೆಯ ಮಾಸ್ತರಬಾಯಿ. ಮಕ್ಕಳಿಗೆ ಮಿತವಾಗಿ ಉಣ್ಣಲು ಕಲಿಸುವುದು ಅವಳ ಕೆಲಸ. ನನ್ನ ಮುಂದೆ ಅವಳ ಆಟ ನಡೆಯಲಿಲ್ಲ.

ಈ ಹಗೆತನದ ನಟ್ಟನಡುವೆ ಒಂದು ಹಿತ್ತಾಳೆಯ ಬೋಗುಣಿ ಇತ್ತು. ಕಂಠದ ಕೆಳಗೆ ಸ್ವಲ್ಪ ನೆಗ್ಗಿದ್ದ, ನನ್ನ ಎರಡು ಕೈ ಸೇರಿಸಿ ಹಿಡಿಯಬೇಕಾದ ಪಾತ್ರೆ. ಅದು ಇವತ್ತು ನಮ್ಮ ಮನೆಯಲ್ಲಿದ್ದರೆ ನಾಳೆ ಆಚೆ, ನಾಡಿದ್ದು ಮತ್ತೆ ಈಚೆ. ಹೊತ್ತು ತಿರುಗುವವಳು ನಾನು. ನಮ್ಮ ಕಡೆ ಯಾರದೇ ಪಾತ್ರೆ ಮನೆಗೆ ಬಂದರೂ ಅದನ್ನು ಖಾಲಿ ತಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆ, ನಾಲ್ಕು ಕಾಳು ಶೇಂಗಾ ಹಾಕಿಯಾದರೂ ಕೊಡುತ್ತಾರೆ. ಖಾಲಿ ಪಾತ್ರೆ ಕೊಟ್ಟರೆ ಆ ಮನೆಯ ಋಣ ತೀರಿತು ಎಂದು ಹೇಳಿದಂತೆ. ಆದ್ದರಿಂದ ಆಯಿ ಬದನೆಕಾಯಿ ಎಣ್ಣೆಗಾಯಿ ಕಳಿಸಿದರೆ ಸಣ್ಣಾಯಿ ಗೋಧಿ ಹುಗ್ಗಿ ಕಳಿಸುವಳು. ಹುಗ್ಗಿಯನ್ನು ಕಂಡು ಆಯಿಗೆ ಸಿಟ್ಟು ಬಂದು ಶೇಂಗಾ ಹೋಳಿಗೆ ಕಳಿಸುವಳು. ಹೋಳಿಗೆಯ ಸೊಕ್ಕು ಮುರಿಯಲು ಆಚೆಯಿಂದ ತುಪ್ಪ ಸುರಿದ ಮಾದಲಿ ಬರುವುದು. ಹಗೆ ಸಾಧಿಸುವುದು ಎಂದರೆ ಹೀಗೆ ಎಂದೇ ನಾನು ನಂಬಿದ್ದೆ. ದೊಡ್ಡವಳಾದ ಮೇಲೆ ಜನ ಬೇರೆ ಬೇರೆ ರೀತಿಯಲ್ಲಿ ಸಾಧಿಸುವುದನ್ನು ಕಂಡು ನನಗೆ ಬಹಳ ನಿರಾಶೆಯಾಗಿದೆ. ನನ್ನ ಅಜ್ಜ ತೀರಿಕೊಂಡಾಗ ನಮ್ಮ ಒಲೆ ಹೊತ್ತದ ದಿನಗಳಲ್ಲಿ ಎಲ್ಲರ ಊಟ ಬಂದದ್ದು ಗೋಡೆಯಾಚೆಯಿಂದ ಎಂದು ಅಪ್ಪ ಹೇಳುತ್ತಿದ್ದ. ಆಯಿಯ ಪಾಲಿನ ಅನ್ನ ಮಾತ್ರ ಬೇರೆಯಾಗಿ, ಮೆತ್ತಗೆ ಬೆಂದು, ಈ ಬೋಗುಣಿಯಲ್ಲಿ ಬರುತ್ತಿತ್ತಂತೆ. ಆಗಲೂ ಇಬ್ಬರೂ ಮಾತಾಡಲಿಲ್ಲ.

ನಾನು ಕನ್ನಡ ಶಾಲೆಯ ಕೊನೆಯ ತರಗತಿಗಳಲ್ಲಿದ್ದಾಗ ನಮ್ಮ ಮುಂದಿನ ಕೋಣೆಗೆ ಈರಣ್ಣ ಬಾಡಿಗೆಗೆ ಬಂದ. ನವಲಗುಂದದ ಕಡೆಯ ಹಳ್ಳಿಯವನು, ಉದ್ದನೆಯ ಆಳು, ಸದಾ ಹಸಿದಿರುತ್ತಿದ್ದ. ಕನ್ನಡದಲ್ಲಿ ಸಿಟ್ಟು, ಜಗಳ, ದ್ವೇಷಗಳಿಗೆ ಇರುವ ಶಬ್ದಗಳ ಮೇಲೆ ಅವನು ಸಂಶೋಧನೆ ಮಾಡುತ್ತಿದ್ದ. ಇಷ್ಟು ತಿಳಿದ ಕೂಡಲೇ ಆಯಿ ಅವನಿಗೆ ‘ಶಬ್ದದಾಂವ’ ಎಂದು ಹೆಸರಿಟ್ಟಳು. ಬಂದ ಮೊದಲ ವಾರವೇ ‘ನನ್ನ ಹಗಿ’ ಎಂಬ ಮಾತು ಅವನ ಕಿವಿಗೆ ಬಿತ್ತು. ಎಳೆಗರುವಿಗೆ ಹಸಿರು ಹುಲ್ಲು ಕಂಡಂತಾಯಿತು. ಸಂಜೆ ಕಟ್ಟೆಯ ಮೇಲೆ ಕೂತು ಅವನು ಪಾಠ ಶುರು ಮಾಡಿದ. ಆಯಿ ಈಚೆಯ ಹೊಸ್ತಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಆಚೆಯ ಹೊಸ್ತಿಲ ಮೇಲೆ ಸಣ್ಣಾಯಿ ಬತ್ತಿ ಹೊಸೆಯುತ್ತಿದ್ದಳು. ಇಬ್ಬರೂ ಅವನ ಮಾತು ಕೇಳುತ್ತಿಲ್ಲ ಎಂಬಂತೆ ಕೂತಿದ್ದರು.

‘ಹಳಗನ್ನಡದಾಗ ಇದು ಪಗೆ ಅಂತ ಇತ್ರಿ ಅಮ್ಮಾರ. ಪೂವು ಹೋಗಿ ಹೂವು ಆತಲ್ರಿ, ಹಂಗ ಪಗೆ ಹೋಗಿ ಹಗೆ ಆತು. ತಮಿಳಿನ್ಯಾಗ ಇವತ್ತಿಗೂ ಪಗೈ ಅಂತಾರ. ಪಗು ಅಂದ್ರ ಒಡಿಯೂದು, ಸೀಳಿ ಎರಡಾಗೂದು. ಅದರಾಗಿಂದನ ಹಗೆ ಹುಟ್ಟೇತಿ. ಪಾಲು ಅನ್ನೂ ಮಾತೂ ಅದ ಬೇರಿಂದು ಅಂತ ಬಲ್ಲವರು ಹೇಳ್ತಾರ್ರಿ.’

‘ಪಾಲಾದ ಮನ್ಯಾಗ ಹಗಿ ಹುಟ್ತೈತಿ ಅನ್ನೂದಕ್ಕ ಯುನಿವರ್ಸಿಟಿ ಕಟ್ಟಿಸ್ಬೇಕಾತೇನೋ ತಮ್ಮಾ?’ ಎಂದಳು ಆಯಿ.

‘ಕೇಳ ಪುಟ್ಟಿ ಆ ಶಬ್ದದಾಂವಗ,’ ಆಚೆಯಿಂದ ಸಣ್ಣಾಯಿ ನನಗೆ ಹೇಳಿದಳು, ‘ವೈರ ಅಂತಾರಲ್ಲ, ಅದೆಲ್ಲಿಂದ ಬಂತು ಅಂತ.’

‘ಅದು ಸಂಸ್ಕೃತದ್ದ್ರಿ ಸಣ್ಣಮ್ಮಾರ. ವೀರ ಅನ್ನೂದರಿಂದ ಬಂದದ್ದು. ವೀರರ ನಡುವಿನ ಜಗಳ ವೈರ.’

ಸಣ್ಣಾಯಿಗೆ ಅದು ಬಹಳ ಹಿಡಿಸಿತು. ಬತ್ತಿಯ ತಟ್ಟೆ ಬದಿಗಿಟ್ಟು ನೆಟ್ಟಗೆ ಕೂತಳು.

‘ಹೇಳಾಕಿಗೆ, ನಂದು ವೈರ. ಹಗಿ ಆಕಿ ಕಡೆನ ಇರ್ಲಿ.’

ಈರಣ್ಣನಿಗೆ ಶಬ್ದದ ಮೂಲ ಗೊತ್ತಿತ್ತು. ನಮ್ಮ ಮನೆಯ ಜಗಳದ ಮೂಲ ತಿಳಿಯಬೇಕಾಗಿತ್ತು. ಅದೆಲ್ಲ ಬೋಗುಣಿಯಿಂದ ಶುರುವಾಯಿತಂತೆ ಎಂದು ನಾನು ಅವನಿಗೆ ಹೇಳಿದೆ. ಎಲ್ಲ ಮನೆಗಳಲ್ಲಿ ಆಗುವ ಹಾಗೆ ಒಂದು ಪಾತ್ರೆಗೆ ಇಬ್ಬರು ಕೈ ಹಾಕಿರಬೇಕು ಎಂದುಕೊಂಡು ಅವನು ಮೊದಲು ಆಯಿಯನ್ನು ಕೇಳಿದ.

‘ಆ ಬೋಗುಣಿ ಯಾರದ್ರಿ?’

‘ಆಕಿದು.’

‘ಹಂಗಾರ ನೀವು ಇಟ್ಕೊಂಡಿದ್ರೇನ್ರಿ?’

‘ನಾ ಯಾಕ ಇಟ್ಕೊಳ್ಲಿ? ಆಕಿದು ಆಕಿಗೆ ಕಳಿಸಿದೆ. ತಿರುಗಿ ಕಳಿಸಿದ್ಳು. ಎಂಥಾ ಸೊಕ್ಕ ನೋಡು.’

ಆಚೆ ಹೋಗಿ ಕೇಳಿದರೆ ಸಣ್ಣಾಯಿಯೂ ‘ಆಕಿದು’ ಎಂದಳು. ‘ಇವತ್ತಿನ ತನಕಾ ತಗೊಂಡಿಲ್ಲ ನೋಡು ಆಕಿ. ನನಗೇನ ಬೋಗುಣಿಗೆ ಬರಗಾಲ ಬಂದೈತೇನು?’ ಎಂದಳು.

ಆದದ್ದಿಷ್ಟು. ಮನೆ ಪಾಲಾದ ದಿನ ಪಾತ್ರೆಗಳೆಲ್ಲ ಜೋಡಿಜೋಡಿಯಾಗಿ ಆಚೀಚೆ ಹೋದವು. ಅವರಿಬ್ಬರ ಅತ್ತೆಯ ಕಾಲದ ಈ ಬೋಗುಣಿ ಒಂದೇ ಉಳಿಯಿತು. ಸಣ್ಣವಳು, ಅವಳಿಗಿರಲಿ ಎಂದಳು ಆಯಿ. ಹಿರಿಯಳು, ಅವಳಿಗೇ ಸಲ್ಲಬೇಕು ಎಂದಳು ಸಣ್ಣಾಯಿ. ನಿನ್ನ ದಾನ ಬೇಡ ಎಂದು ಅವಳು, ನಿನ್ನ ಕರುಣೆ ಬೇಡ ಎಂದು ಇವಳು ಮಾತಿಗೆ ಮಾತು ಬೆಳೆಸಿ, ಗೋಡೆಯ ಹಸಿ ಆರುವ ಮೊದಲೇ ಮಾತು ಬಿಟ್ಟರು. ಗಂಡಂದಿರಿಬ್ಬರೂ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ಸುಮ್ಮನಿದ್ದರಂತೆ. ಬುದ್ಧಿವಂತರು. ಈರಣ್ಣ ಮಾತ್ರ ಎರಡು ದಿನ ತಲೆ ಕೆರೆದುಕೊಂಡ. ಕೊಡಲು ಹೋಗಿ ಹುಟ್ಟಿದ ಹಗೆಗೆ ಅವನ ಹತ್ತಿರ ಶಬ್ದವಿರಲಿಲ್ಲ.

ಹೀಗಿರುವಾಗ ಶಾಂತತ್ತೆ ಮತ್ತು ಅವಳ ಗಂಡ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಹೊಸ ಮನೆ ಕಟ್ಟಿದರು. ಮಾವನದು ಅಲ್ಲೇ ಲೇಥ್ ಕೆಲಸದ ಸಣ್ಣ ಕಾರ್ಖಾನೆ. ಸಣ್ಣಾಯಿಗೆ ಹೊಗೆಯಿಂದ ಕೆಮ್ಮು ಹತ್ತಿತ್ತು. ಇಷ್ಟು ದೊಡ್ಡ ಮನೆ ಕಟ್ಟಿದ್ದೇವೆ, ಗ್ಯಾಸ್ ಇದೆ, ನಲ್ಲಿ ತಿರುವಿದರೆ ನೀರು, ನೀನಿಲ್ಲಿ ಯಾಕೆ ಕೂತಿದ್ದೀ ಎಂದು ಶಾಂತತ್ತೆ ಬಂದು ಬಂದು ಕೇಳಿದಳು. ಅವಳು ಕೇಳುವುದರಲ್ಲಿ ತಪ್ಪಿರಲಿಲ್ಲ, ಮಗಳಾದವಳು ಕೇಳಲೇಬೇಕು. ಆದರೂ ಅವಳು ತಂದುಕೊಟ್ಟ ಬಿಸ್ಕೀಟನ್ನು ನಾನು ಸಿಟ್ಟಿನಿಂದ ತಿಂದೆ. ದಸರೆಗೆ ಇನ್ನೂ ಕೆಲವು ವಾರ ಇರುವಾಗ ಸಣ್ಣಾಯಿ ಹೊರಟಳು. ಬಾಗಿಲ ಮುಂದೆ ಟೆಂಪೋ ನಿಂತಿತು, ಟ್ರಂಕು ಹೊರಗೆ ಬಂತು. ಸಣ್ಣಾಯಿ ನನ್ನನ್ನು ಕರೆದು ಬೋಗುಣಿ ಕೈಗಿಟ್ಟಳು. ಹುಣಸೆ ಹುಳಿ ಹಚ್ಚಿ ತಿಕ್ಕಿ ಬಂಗಾರದ ಹಾಗೆ ಹೊಳೆಯಿಸಿದ್ದಳು. ಹಗುರವಾಗಿತ್ತು. ಒಳಗೆ ನೋಡಿದೆ, ಏನೂ ಇರಲಿಲ್ಲ.

‘ಖಾಲಿ ಐತಿ ಸಣ್ಣಾಯಿ.’

‘ಗೊತ್ತೈತಿ. ಒಯ್ದ ಕೊಡು.’

ನಾನು ಕೊಟ್ಟೆ. ಆಯಿ ಒಳಗೆ ನೋಡಿದಳು, ತಿರುವಿ ಹಿಡಿದು ಇನ್ನೊಮ್ಮೆ ನೋಡಿದಳು. ಟೆಂಪೋ ಹೋದ ಮೇಲೆ ಅದನ್ನು ಗೋಡೆಯ ಮಾಡದಲ್ಲಿ ಬೋರಲಾಗಿ ಇಟ್ಟಳು.

ಮರುದಿನದಿಂದ ಆಯಿಯ ರೊಟ್ಟಿ ಕೆಟ್ಟವು. ಮೊದಲ ರೊಟ್ಟಿ ಬಡಿದು ಕೈ ನಿಲ್ಲಿಸುತ್ತಿದ್ದಳು. ಗೋಡೆ ಸುಮ್ಮನಿರುತ್ತಿತ್ತು. ಮತ್ತೆ ಬಡಿಯುವಷ್ಟರಲ್ಲಿ ಹಿಟ್ಟು ಆರಿ, ರೊಟ್ಟಿಯ ಅಂಚು ಬಿರಿಯುತ್ತಿತ್ತು. ಯಾರಿಗೂ ಹಿಟ್ಟು ಹಳೆಯದಾಗಿದೆ ಎನ್ನುವ ಹಾಗಿಲ್ಲ. ಹೋಳಿಗೆ ಮಾಡುವುದನ್ನು ಬಿಟ್ಟಳು, ಎಣ್ಣೆಗಾಯಿ ಬಿಟ್ಟಳು. ಯಾರ ಸೊಕ್ಕು ಮುರಿಯಲು ಮಾಡಬೇಕು? ಒಮ್ಮೆ ಕಟ್ಟೆಯ ಮೇಲೆ ಕೂತ ಯಾರೋ ಆಚೆಯ ಬೀಗ ತೋರಿಸಿ, ಅಲ್ಲಿ ಯಾರಿರುತ್ತಾರೆ ಎಂದು ಕೇಳಿದರು. ‘ಯಾರೂ ಇಲ್ಲ’ ಎಂದು ಆಯಿ ಒಳಗೆ ಹೋಗಿ ಮಲಗಿದಳು. ನನಗೆ ಅವತ್ತು ಅಳು ಬಂತು. ಎರಡು ಊಟ ಹೋದ ದುಃಖ ಎಂದು ನಾನೇ ಅಂದುಕೊಂಡಿದ್ದೆ, ಅಷ್ಟೇ ಆಗಿರಲಿಲ್ಲ. ಆಯಿಗೆ ಸಣ್ಣಾಯಿ ಬೇಕಾಗಿದ್ದಳು, ಅದನ್ನು ಹೇಳುವ ಬಾಯಿ ಅವಳಿಗಿರಲಿಲ್ಲ. ಅದು ನನಗೂ ಅರ್ಥವಾಗಿತ್ತು.

ವಿಜಯದಶಮಿ ಬಂತು. ನಮ್ಮಲ್ಲಿ ಅಂದು ಸಂಜೆ ಬನ್ನಿ ಎಲೆ ಹಿಡಿದು ಕಿರಿಯರು ಹಿರಿಯರ ಮನೆಗೆ ಹೋಗುತ್ತಾರೆ. ಎಲೆ ಕೈಯಲ್ಲಿಟ್ಟು, ಬನ್ನಿ ತಗೊಂಡು ಬಂಗಾರದಂತೆ ಇರೋಣ ಎಂದು ಹೇಳಿ ಕಾಲು ಮುಟ್ಟುತ್ತಾರೆ. ಮಾತು ಬಿಟ್ಟವರೂ ಅವತ್ತು ಬನ್ನಿ ಬೇಡ ಅನ್ನುವಂತಿಲ್ಲ. ಪ್ರತಿ ವರ್ಷ ಸಣ್ಣಾಯಿ ಆಯಿಯ ಎದುರಿಗೆ ಬಂದು ನಿಂತು, ಎಲೆ ನನ್ನ ಕೈಗೆ ಕೊಟ್ಟು, ‘ಬಂಗಾರದ್ಹಂಗ ಇರೂಣು ಅಂತ ಹೇಳಾಕಿಗೆ’ ಅನ್ನುತ್ತಿದ್ದಳು. ಆ ವರ್ಷ ಆಯಿ ಬೆಳಿಗ್ಗೆಯೇ ಎದ್ದು ಹೂರಣ ಅರೆದಳು. ಹೋಳಿಗೆ ಮಾಡಿ ಬೋಗುಣಿಯ ಕಂಠದವರೆಗೆ ತುಂಬಿದಳು, ಮೇಲೆ ತುಪ್ಪ ಸುರಿದಳು, ಅರಿವೆ ಕಟ್ಟಿದಳು. ಇಳಕಲ್ ಸೀರೆ ಉಟ್ಟು ಸೆರಗಿಗೆ ಬನ್ನಿ ಕಟ್ಟಿಕೊಂಡಳು.

‘ಹಿರೇರು ಸಣ್ಣವರ ಮನಿಗೆ ಬನ್ನಿ ಒಯ್ಯೂದು ಎಲ್ಲೈತಿ?’ ಎಂದು ನನ್ನ ಅವ್ವ ಕೇಳಿದಳು.

‘ನಾ ಬನ್ನಿ ಕೊಡಾಕ ಹೊಂಟಿಲ್ಲ. ಜಗಳಾ ಮಾಡಾಕ ಹೊಂಟೇನಿ.’

ನಾನು, ಈರಣ್ಣ ಇಬ್ಬರೂ ಜೊತೆಗೆ ಹೊರಟೆವು. ಬಸ್ಸು ರಾಯಾಪುರ ದಾಟುವವರೆಗೂ ಆಯಿ ತೊಡೆಯ ಮೇಲಿನ ಬೋಗುಣಿಯಿಂದ ಕೈ ತೆಗೆಯಲಿಲ್ಲ. ತುಪ್ಪದ ವಾಸನೆಗೆ ಇಡೀ ಬಸ್ಸು ತಿರುತಿರುಗಿ ನೋಡಿತು. ಶಾಂತತ್ತೆಯ ಮನೆ ಕಾಲು ಜಾರುವಷ್ಟು ನುಣುಪಾಗಿತ್ತು. ಅಡುಗೆಮನೆಯಲ್ಲಿ ನನ್ನ ಎದೆಮಟ್ಟದ ಕಟ್ಟೆ. ಅಲ್ಲಿ ನಿಂತೇ ಅಡುಗೆ ಮಾಡಬೇಕು. ಜೀವಮಾನವೆಲ್ಲ ಕೂತು ರೊಟ್ಟಿ ಬಡಿದ ಸಣ್ಣಾಯಿ ಆ ಕಟ್ಟೆಯ ಮುಂದೆ ಏನು ಮಾಡಬೇಕು? ಮೂಲೆಯ ಕುರ್ಚಿಯಲ್ಲಿ ಕೂತು ಊಟ ಮಾಡುತ್ತಿದ್ದಳು. ತಟ್ಟೆಯಲ್ಲಿ ಅಂಗಡಿಯಿಂದ ತಂದ, ಒಂದರ ಹಾಗೆ ಒಂದು ಇದ್ದ, ಖಡಕ್ ರೊಟ್ಟಿ. ಆಯಿ ತಟ್ಟೆ ನೋಡಿದಳು. ಎಷ್ಟೋ ವರ್ಷಗಳ ಮೇಲೆ ಅವಳು ಸಣ್ಣಾಯಿಗೆ ನೇರವಾಗಿ ಆಡಿದ ಮೊದಲ ಮಾತು ಇದು.

‘ಕೊಂಡ ರೊಟ್ಟಿ ತಿಂತಿ?’

ಸಣ್ಣಾಯಿ ನನ್ನ ಕಡೆ ನೋಡಿದಳು, ಅಭ್ಯಾಸಬಲ. ನಾನು ಮುಖ ತಿರುಗಿಸಿಕೊಂಡೆ. ಕೊನೆಗೆ ಅವಳೇ ಬಾಯಿ ಬಿಡಬೇಕಾಯಿತು.

‘ಏನ ಮಾಡ್ಲಿ ಅಕ್ಕಾ? ನಿಂತು ಬಡ್ಯಾಕ ಬರೂದಿಲ್ಲ ನನಗ.’

ಅಕ್ಕಾ ಎಂಬ ಮಾತಿಗೆ ಆಯಿ ಮೆತ್ತಗಾದಳು. ಆದರೆ ಅವಳು ಜಗಳಕ್ಕೆ ಬಂದವಳು, ಸುಮ್ಮನೆ ಬಿಡುವವಳಲ್ಲ. ಬೋಗುಣಿಯನ್ನು ತಟ್ಟೆಯ ಪಕ್ಕಕ್ಕೆ ಕುಕ್ಕಿದಳು.

‘ಖಾಲಿ ಬೋಗುಣಿ ಕಳಿಸೀದಿ. ಸತ್ತವರ ಮನಿಗೂ ಹಂಗ ಯಾರೂ ಕಳಿಸೂದಿಲ್ಲ. ನಾ ಏನ ಮಾಡಿದ್ದೆ ನಿನಗ?’

‘ತುಂಬಿಸಿ ಕಳಿಸಿದ್ರ ನೀ ಸುಮ್ನ ಕುಂದರ್ತಿದ್ದ್ಯಾ? ತಿರುಗಿ ತುಂಬಿಸಿ ಯಾರಿಗೆ ಕಳಿಸ್ತಿದ್ದಿ? ಆಚಿ ಬಾಗಲಕ್ಕ ಬೀಗ. ಬೋಗುಣಿ ಕೈಯಾಗ ಹಿಡ್ಕೊಂಡು ನಿಂದರ್ತಿದ್ದಿ. ನಿನ್ನ ಮ್ಯಾಲ ಆ ಋಣಾ ಹೊರಸಬಾರ್ದು ಅಂತ ಖಾಲಿ ಕಳಿಸಿದೆ.’

ಆಯಿ ಬೋಗುಣಿಯನ್ನು ಸಣ್ಣಾಯಿಯ ಕಡೆಗೆ ಇನ್ನಷ್ಟು ಸರಿಸಿದಳು. ಹಿಂದಿನ ಬೀದಿಯಲ್ಲಿ ಯಾವುದೋ ಯಂತ್ರ ಗುಯ್ ಎನ್ನುತ್ತಿತ್ತು.

‘ನನ್ನ ಋಣದ ಉಸಾಬರಿ ನಿನಗ್ಯಾಕ?’ ಎಂದಳು ಆಯಿ. ‘ಈಗ ನೋಡು, ತುಂಬಿಸಿ ತಂದೇನಿ. ಇನ್ನ ನಿನ್ನ ಪಾಳಿ. ಬಸ್ಸಿನವರ ಕೈಯಾಗ ಕಳಿಸಿದ್ರ ನಾ ಇಸಗೊಳ್ಳೂದಿಲ್ಲ.’

ಆಮೇಲೆ ಇಬ್ಬರೂ ಮನಸ್ಸು ಬಿಚ್ಚಿ ಜಗಳವಾಡಿದರು. ಪೇರಲ ಹಣ್ಣು, ಗಡಿಗೆ ನೀರು, ಯಾವುದೋ ಲಗ್ನದಲ್ಲಿ ಕುಂಕುಮಕ್ಕೆ ಕರೆಯದೆ ಬಿಟ್ಟದ್ದು, ಗೋಡೆಗೆ ಮೊಳೆ ಹೊಡೆದದ್ದು, ಒಂದೂ ಬಿಡಲಿಲ್ಲ. ಗೋಡೆ ಎದ್ದ ದಿನದಿಂದ ಆಡದೆ ಇಟ್ಟುಕೊಂಡ ಮಾತುಗಳು ಅವು, ಎಲ್ಲವೂ ಹೊಸದಾಗೇ ಇದ್ದವು. ಶಾಂತತ್ತೆ ಗಾಬರಿಯಿಂದ ಕಿಟಕಿ ಹಾಕಿದಳು. ನಾನು, ಈರಣ್ಣ ಬೋಗುಣಿಯ ಅರಿವೆ ಬಿಚ್ಚಿಕೊಂಡು ಕೂತೆವು. ಹೊರಡುವಾಗ ಆಯಿ ಸೆರಗಿನ ಗಂಟು ಬಿಚ್ಚಿ ಬನ್ನಿ ಎಲೆಯನ್ನು ಸಣ್ಣಾಯಿಯ ಕೈಯಲ್ಲೇ ಇಟ್ಟಳು. ಸಣ್ಣಾಯಿ ಬಗ್ಗಿ ಅವಳ ಕಾಲು ಮುಟ್ಟಿದಳು. ಬಂಗಾರದಂತೆ ಇರೋಣ ಎಂದು ಇಬ್ಬರೂ ಹೇಳಲಿಲ್ಲ. ಜಗಳದಲ್ಲಿ ಕೂಗಿ ಕೂಗಿ ದನಿ ಬಿದ್ದುಹೋಗಿತ್ತು.

ತಿರುಗಿ ಬರುವಾಗ ಬಸ್ಸಿನಲ್ಲಿ ಆಯಿ ಈರಣ್ಣನನ್ನು ಕೇಳಿದಳು.

‘ಹಗಿ ಅಂದ್ರ ಏನಂದಿದ್ದ್ಯೋ ತಮ್ಮಾ?’

‘ಒಡದು ಎರಡಾಗೂದ್ರಿ ಅಮ್ಮಾರ.’

‘ಒಡದರೂ ಬಿಡಲಾರದ್ದಕ್ಕ ಏನ ಅಂತಾರ?’

‘ಗೊತ್ತಿಲ್ರಿ.’

‘ಹಂಗಾರ ಇನ್ನೊಂದೆರಡ ವರ್ಷ ನಮ್ಮ ಮನ್ಯಾಗ ಇರು,’ ಎಂದು ಆಯಿ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದಳು. ಬೋಗುಣಿ ಇಲ್ಲದ ಅವಳ ಕೈಗಳು ತೊಡೆಯ ಮೇಲೆ ಹಾಯಾಗಿ ಬಿದ್ದಿದ್ದವು.

ದೀಪಾವಳಿ ಹತ್ತಿರ ಬಂದಿತ್ತು. ಒಂದು ಸಂಜೆ ನಾನು ಅವ್ವನ ಜೊತೆ ಸಂತೆಯಿಂದ ಬರುವಷ್ಟರಲ್ಲಿ ಆಚೆಯ ಬಾಗಿಲಿನ ಬೀಗ ತೆಗೆದಿತ್ತು. ಮುಂದಿನ ಕೋಣೆಯಲ್ಲಿ ಟ್ರಂಕು ಇತ್ತು, ಸಣ್ಣಾಯಿ ಕಸಬರಿಗೆ ಹಿಡಿದಿದ್ದಳು. ಹೊಗೆ ಬಾರದಿರಲೆಂದು ಮಾವ ಒಂದು ಗ್ಯಾಸ್ ಒಲೆ ಕಳಿಸಿದ್ದರು, ಅದನ್ನು ನೆಲದ ಮೇಲೇ ಇಡಿಸಿಕೊಂಡಿದ್ದಳು. ಆಯಿ ತನ್ನ ಹೊಸ್ತಿಲ ಮೇಲೆ ಕೂತು ಕೊತ್ತಂಬರಿ ಸೋಸುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ಕಂಡಿಲ್ಲ ಎಂಬಂತೆ ಇದ್ದರು. ಗೋಕುಲ ರಸ್ತೆಯಲ್ಲಿ ಅಷ್ಟೆಲ್ಲ ಮಾತಾಡಿದವರು ಇವರೇನಾ ಎಂದು ನನಗೆ ಅನುಮಾನ ಬಂತು.

ಬೆಳಿಗ್ಗೆ ಹಾಸಿಗೆಯಲ್ಲಿದ್ದಾಗಲೇ ನನಗೆ ಎಚ್ಚರವಾಯಿತು. ಗೋಡೆಯಾಚೆಯಿಂದ ಟಪ್ ಟಪ್ ಸದ್ದು. ಆಯಿ ಇನ್ನೂ ಹಿಟ್ಟು ನಾದುತ್ತಿದ್ದಳು, ಇವತ್ತು ಹಿಂದೆ ಬಿದ್ದಿದ್ದಳು. ಆದರೂ ಅವಳ ಮುಖ ಬಿಗಿದುಕೊಂಡಿರಲಿಲ್ಲ. ಆಚೆಯ ಸದ್ದು ನಡುವೆ ಒಮ್ಮೆ ನಿಂತಿತು, ಮತ್ತೆ ನಿಂತಿತು. ಆಯಿ ಕೈ ತಡೆದು ಕಿವಿ ಕೊಟ್ಟಳು.

‘ಏಳವಾ ಪುಟ್ಟಿ. ಹೇಳ ಹೋಗ ನನ್ನ ಹಗಿಗೆ, ಹಿಟ್ಟಿನ ಜಿಗಿ ಹೋಗೇತಿ ಅಂತ.’

ನಾನು ಹೊದಿಕೆ ಸರಿಸಿ ಏಳುವ ಮೊದಲೇ ಗೋಡೆ ಉತ್ತರ ಕೊಟ್ಟಿತು.

‘ಹೇಳಾಕಿಗೆ, ಕೇಳಿಸ್ತು ಅಂತ. ಬೋಗುಣಿ ತುಂಬೇತಿ, ಬಂದ ಒಯ್ಯಿ ಅನ್ನು.’

ನಾನು ಎದ್ದು ಮುಖ ತೊಳೆದುಕೊಂಡೆ. ಎರಡು ಕಡೆಯೂ ರೊಟ್ಟಿ ಬಿಸಿಯಾಗಿದ್ದವು, ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಪಡಸಾಲೆಯ ನಡುವೆ ನಿಂತು ನಗುತ್ತಿದ್ದೆ.